ಪುಸ್ತಕದಲ್ಲಿರುವುದು ಕೈಗೆ ಬರಲಿ

(ಪ್ರೌಢಶಾಲಾ ಶಿಕ್ಷಕರು ಮತ್ತು ಪೋಷಕರ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಶಿಕ್ಷಕ ಬಂಧುಗಳಿಗೆ, ದಿನದ ಕೆಲಸ ಬಿಟ್ಟು ಬಂದಿರುವ ತಂದೆತಾಯಂದಿರಿಗೆ ನಮಸ್ಕಾರ.

ನಮ್ಮ ಹತ್ತನೇ ತರಗತಿಯ ಸಮಾಜ ವಿಜ್ಞಾನದಲ್ಲಿ ಬ್ಯಾಂಕ್ ವ್ಯವಹಾರಗಳ ಮೇಲೆ ಒಂದು ಪಾಠವಿದೆ. ಗ್ರಾಹಕ ಶಿಕ್ಷಣ ಮತ್ತು ರಕ್ಷಣೆಯ ಮೇಲೆ ಇನ್ನೊಂದಿದೆ. ಎಂಟನೇ ತರಗತಿಯ ಗಣಿತದಲ್ಲಿ ಚಕ್ರಬಡ್ಡಿ ಬರುತ್ತದೆ. ಕನ್ನಡದಲ್ಲಿ ಪತ್ರಲೇಖನ, ವಿಜ್ಞಾನದಲ್ಲಿ ಫ್ಯೂಸು, ಅರ್ಥಿಂಗ್ ಎಲ್ಲವೂ ಇವೆ. ಆದ್ದರಿಂದ ಬದುಕಿಗೆ ಬೇಕಾದದ್ದನ್ನು ಶಾಲೆಯಲ್ಲಿ ಕಲಿಸುವುದೇ ಇಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಪುಸ್ತಕ ಬರೆದವರು ಯೋಚಿಸಿಯೇ ಬರೆದಿದ್ದಾರೆ. ನನ್ನ ಸಂಕಟ ಇರುವುದು ಆಮೇಲಿನದರಲ್ಲಿ. ಆ ಪಾಠಗಳು ಎರಡು ಅಂಕದ ಪ್ರಶ್ನೆಯಾಗಿ ಹುಟ್ಟಿ, ಎರಡು ಅಂಕದ ಉತ್ತರವಾಗಿಯೇ ಮುಗಿದುಹೋಗುತ್ತವೆ. ಬ್ಯಾಂಕ್ ಖಾತೆಯ ವಿಧಗಳನ್ನು ತಪ್ಪಿಲ್ಲದೆ ಹೇಳುವ ಮಗು ಒಂದು ಪಾಸ್‌ಬುಕ್ಕನ್ನು ಬಿಡಿಸಿ ನೋಡಿರುವುದಿಲ್ಲ. ಚಕ್ರಬಡ್ಡಿಯ ಸೂತ್ರ ಬಾಯಿಗೆ ಬರುತ್ತದೆ, ಸಾಲದ ಪತ್ರ ಹೇಗಿರುತ್ತದೆಂದು ಗೊತ್ತಿರುವುದಿಲ್ಲ.

ನಾನು ಶಿಕ್ಷಕಿಯಲ್ಲ. ಗ್ರಾಮೀಣ ಶಾಖೆಗಳಲ್ಲಿ ಕೆಲಸ ಮಾಡಿ ನಿವೃತ್ತಳಾದ ಬ್ಯಾಂಕ್ ಅಧಿಕಾರಿ. ನೀವು ಓದಿಸಿ ಕಳುಹಿಸಿದ ಮಕ್ಕಳು ನಾಲ್ಕೈದು ವರ್ಷಗಳ ಬಳಿಕ ಕೌಂಟರಿನ ಮುಂದೆ ಬಂದು ನಿಲ್ಲುವುದನ್ನು ಆಚೆ ಬದಿಯಿಂದ ನೋಡಿದವಳು. ಬಿ.ಕಾಂ. ಮುಗಿಸಿದ ಹುಡುಗ ಹಣ ತೆಗೆಯುವ ಚೀಟಿ ಹಿಡಿದು, "ಮೇಡಂ, ಇದನ್ನು ಸ್ವಲ್ಪ ತುಂಬಿಕೊಡಿ" ಎನ್ನುತ್ತಿದ್ದ. ಬುದ್ಧಿಯಲ್ಲಿ ಅವನು ಯಾರಿಗೂ ಕಡಿಮೆಯಿರಲಿಲ್ಲ. ಆದರೆ ಅಂತಹ ಚೀಟಿಯನ್ನು ಅವನ ಕೈಗೆ ಯಾರೂ ಒಮ್ಮೆಯೂ ಕೊಟ್ಟಿರಲಿಲ್ಲ. ಮೊತ್ತವನ್ನು ಅಕ್ಷರದಲ್ಲಿ ಬರೆದ ಮೇಲೆ "ಮಾತ್ರ" ಎಂದು ಏಕೆ ಸೇರಿಸಬೇಕು, ಅಂಕಿಯ ಹಿಂದೆ ಜಾಗ ಬಿಟ್ಟರೆ ಏನಾಗಬಹುದು, ಚೆಕ್ಕಿನ ಮೂಲೆಯಲ್ಲಿ ಎರಡು ಗೆರೆ ಎಳೆದರೆ ಏನರ್ಥ, ಚೆಕ್ಕು ಬರೆದ ದಿನದಿಂದ ಮೂರು ತಿಂಗಳು ಮಾತ್ರ ನಡೆಯುತ್ತದೆ ಎಂಬುದು, ಇವೆಲ್ಲ ಸೇರಿ ಅರ್ಧ ಗಂಟೆಯ ಕಲಿಕೆ. ಆ ಅರ್ಧ ಗಂಟೆ ಹದಿನೈದು ವರ್ಷದ ಓದಿನಲ್ಲಿ ಎಲ್ಲಿಯೂ ಸಿಕ್ಕಿರಲಿಲ್ಲ.

ಹದಿನೆಂಟು ತುಂಬಿದ ದಿನವೇ ಕಾನೂನಿನ ಕಣ್ಣಿಗೆ ಆ ಮಗುವಿನ ಸಹಿಗೆ ಬೆಲೆ ಬರುತ್ತದೆ. ಎಸ್ಸೆಸ್ಸೆಲ್ಸಿ ಮುಗಿದ ಎರಡು ಮೂರು ವರ್ಷಕ್ಕೆ ಆ ದಿನ. ಅಂದಿನಿಂದ ಅವನು ಸಾಲಗಾರನಾಗಬಹುದು, ಜಾಮೀನುದಾರನಾಗಬಹುದು, ಬಾಡಿಗೆ ಕರಾರಿಗೆ ಕಟ್ಟುಬೀಳಬಹುದು. ಓದದೆ ಹಾಕಿದ್ದೆ ಎಂದರೆ ಆಮೇಲೆ ಯಾರೂ ಕೇಳುವುದಿಲ್ಲ.

ಜಾಮೀನಿನ ವಿಷಯ ಹೇಳಲೇಬೇಕು. ನಮ್ಮ ಊರುಗಳಲ್ಲಿ "ಸುಮ್ಮನೆ ಒಂದು ಸಹಿ" ಎಂಬ ಮಾತಿನಿಂದ ಹಾಳಾದ ಮನೆಗಳನ್ನು ನಾನು ಬಲ್ಲೆ. 1872ರ ಭಾರತೀಯ ಕರಾರು ಕಾಯ್ದೆಯ 128ನೇ ಕಲಮು ಹೇಳುವುದು ಇಷ್ಟೇ: ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ಸಾಲಗಾರನಿಗೆ ಎಷ್ಟು ಹೊಣೆಯೋ ಜಾಮೀನುದಾರನಿಗೂ ಅಷ್ಟೇ ಹೊಣೆ. ಮೊದಲು ಸಾಲಗಾರನನ್ನು ಕೇಳಿ, ಅವನ ಆಸ್ತಿ ಮುಗಿಸಿ, ಆಮೇಲೆ ನನ್ನ ಬಳಿ ಬನ್ನಿ ಎನ್ನಲು ಬರುವುದಿಲ್ಲ. ಸೋದರಮಾವನಿಗೋ ಸ್ನೇಹಿತನಿಗೋ ದಾಕ್ಷಿಣ್ಯಕ್ಕೆ ಸಹಿ ಹಾಕಿದವರಿಗೆ ನೋಟಿಸು ಬಂದಾಗ ಅವರ ಮುಖ ನೋಡುವುದು ಕಷ್ಟ. "ಸಾಲ ನಾನು ತಗೊಂಡಿಲ್ಲವಲ್ಲ ಮೇಡಂ" ಎಂದು ಅವರು ಕೇಳುತ್ತಿದ್ದರು. ಎಸ್ಸೆಸ್ಸೆಲ್ಸಿ ಪಾಸಾದವರೂ ಕೇಳುತ್ತಿದ್ದರು, ಪದವೀಧರರೂ ಕೇಳುತ್ತಿದ್ದರು. ಈ ಒಂದು ವಾಕ್ಯವನ್ನು ಹತ್ತನೇ ತರಗತಿಯ ಮಗು ಅರ್ಥ ಮಾಡಿಕೊಂಡು ಹೊರಗೆ ಹೋದರೆ ಎಷ್ಟು ಸಂಸಾರಗಳು ಉಳಿಯುತ್ತವೆ ಎಂದು ನಾನು ಯೋಚಿಸುತ್ತಲೇ ಇರುತ್ತೇನೆ.

ಈಗ ಬಡ್ಡಿ. ನಿಮ್ಮ ಗಣಿತದ ಅವಧಿಯಲ್ಲಿ ಕಪ್ಪುಹಲಗೆಯ ಮೇಲೆ ಮಾಡಬಹುದಾದ ಒಂದು ಲೆಕ್ಕ ಹೇಳುತ್ತೇನೆ, ದಯವಿಟ್ಟು ಬರೆದುಕೊಳ್ಳಿ. ಸಾಲ 60,000 ರೂಪಾಯಿ, ಅವಧಿ ಎರಡು ವರ್ಷ, ಬಡ್ಡಿ ವರ್ಷಕ್ಕೆ ಶೇ 12. ಬೈಕು ಕೊಡಿಸುವ ಅಂಗಡಿಯಲ್ಲಿ ಲೆಕ್ಕ ಹೀಗೆ ನಡೆಯುತ್ತದೆ: ವರ್ಷಕ್ಕೆ 7,200, ಎರಡು ವರ್ಷಕ್ಕೆ 14,400, ಅಸಲು ಸೇರಿ 74,400, ಇಪ್ಪತ್ನಾಲ್ಕು ಕಂತು, ತಿಂಗಳಿಗೆ 3,100. ಹುಡುಗನಿಗೆ ಕಾಣುವುದು 3,100 ಮಾತ್ರ. ತಿಂಗಳ ಸಂಬಳದಲ್ಲಿ ಅಷ್ಟು ಕಟ್ಟಬಹುದು ಎನಿಸುತ್ತದೆ, ಸಹಿ ಬೀಳುತ್ತದೆ.

ಆ ಕಂತನ್ನು ಈಗ ಬಿಡಿಸಿ ನೋಡಿ. ಅದರಲ್ಲಿ 2,500 ಅಸಲು, 600 ಬಡ್ಡಿ. ಮೊದಲ ತಿಂಗಳು ಅರವತ್ತು ಸಾವಿರವೂ ಅವನ ಮೇಲಿದೆ, 600 ಬಡ್ಡಿ ನ್ಯಾಯವೇ. ಒಂದು ವರ್ಷ ಕಟ್ಟಿದ ಮೇಲೆ ಉಳಿದಿರುವ ಅಸಲು ಮೂವತ್ತು ಸಾವಿರ. ಬಡ್ಡಿ ಮಾತ್ರ ಆಗಲೂ 600. ಕೊನೆಯ ತಿಂಗಳು ಬರುವ ಹೊತ್ತಿಗೆ ಉಳಿದಿರುವ ಅಸಲು 2,500, ಅದಕ್ಕೂ 600. ಉಳಿದ ಅಸಲಿನ ಮೇಲೆ ಮಾತ್ರ ಬಡ್ಡಿ ಹಾಕುತ್ತಾ ಹೋದರೆ ಅದೇ ಶೇ 12ಕ್ಕೆ ಕಂತು ಸುಮಾರು 2,824 ರೂಪಾಯಿ, ಎರಡು ವರ್ಷದ ಒಟ್ಟು ಬಡ್ಡಿ 7,800ರ ಒಳಗೆ. ಅಂಗಡಿಯ ಲೆಕ್ಕದಲ್ಲಿ ಕಟ್ಟಿದವನಿಗೆ ನಿಜವಾಗಿ ಬಿದ್ದ ಬಡ್ಡಿ ವರ್ಷಕ್ಕೆ ಶೇ ಇಪ್ಪತ್ತೊಂದೂವರೆಯಷ್ಟು. ಎರಡು ಕಡೆಯೂ ಬಾಯಲ್ಲಿ ಹೇಳಿದ್ದು ಹನ್ನೆರಡೇ. ಮೊದಲನೆಯದನ್ನು ಫ್ಲ್ಯಾಟ್ ಬಡ್ಡಿ ಎನ್ನುತ್ತಾರೆ, ಎರಡನೆಯದು ಇಳಿಯುವ ಬಾಕಿಯ ಮೇಲಿನ ಬಡ್ಡಿ. ಸಾಲ ಕೇಳಲು ಹೋದ ಹುಡುಗ "ಬಡ್ಡಿ ಫ್ಲ್ಯಾಟ್ ಲೆಕ್ಕವೋ, ಉಳಿದ ಬಾಕಿಯ ಮೇಲೋ" ಎಂದು ಕೇಳುವಷ್ಟಾದರೂ ಆಗಲಿ.

ಊರಿನ ಕೈಸಾಲದ ಭಾಷೆಯೂ ಮಕ್ಕಳಿಗೆ ತಿಳಿಯಬೇಕು. "ಮೂರು ರೂಪಾಯಿ ಬಡ್ಡಿ" ಎಂದರೆ ನೂರಕ್ಕೆ, ತಿಂಗಳಿಗೆ ಮೂರು. ವರ್ಷಕ್ಕೆ ಮೂವತ್ತಾರು. ಅದೇ ಮನೆಯಲ್ಲಿ ಶೇ ಏಳರ ಠೇವಣಿಯೂ ಇರುತ್ತದೆ, ಮೂರು ರೂಪಾಯಿ ಸಾಲವೂ ಇರುತ್ತದೆ. ಏಳು ದೊಡ್ಡದು, ಮೂರು ಚಿಕ್ಕದು ಎಂದು ನಂಬಿ ಠೇವಣಿ ಮುರಿಸದೆ ಕೈಸಾಲ ತಂದವರನ್ನು ಕಂಡಿದ್ದೇನೆ. ಸಾಲ ವಸೂಲಿಯ ಕಿರುಕುಳ ಮಿತಿಮೀರಿದಾಗ 2025ರ ಫೆಬ್ರುವರಿಯಲ್ಲಿ ನಮ್ಮ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಕಾಯ್ದೆ ಬೇಕು, ನಿಜ. ಆದರೆ ಅದು ಬರುವುದು ಸಾಲ ತೆಗೆದುಕೊಂಡ ಮೇಲೆ. ಈ ಲೆಕ್ಕ ಸಾಲಕ್ಕೆ ಮೊದಲೇ ಕೆಲಸಕ್ಕೆ ಬರುತ್ತದೆ.

ಇನ್ನೊಂದು ಸಂಗತಿ ನಿಮ್ಮಲ್ಲಿ ಹಲವರಿಗೂ ಹೊಸದಿರಬಹುದು. 2024ರ ಅಕ್ಟೋಬರ್ 1ರಿಂದ ವ್ಯಕ್ತಿಗಳಿಗೆ ಹೊಸದಾಗಿ ಕೊಡುವ ಚಿಲ್ಲರೆ (ರಿಟೇಲ್) ಸಾಲಗಳಿಗೆ ಬ್ಯಾಂಕು, ಹಣಕಾಸು ಸಂಸ್ಥೆಗಳು "ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್" ಎಂಬ ಹಾಳೆಯನ್ನು ಕೊಡಲೇಬೇಕೆಂದು ರಿಸರ್ವ್ ಬ್ಯಾಂಕ್ ನಿಯಮ ಮಾಡಿದೆ. ಶುಲ್ಕಗಳನ್ನೂ ಸೇರಿಸಿ ವರ್ಷಕ್ಕೆ ನಿಜವಾಗಿ ಬೀಳುವ ದರ ಎಷ್ಟು ಎಂದು ಅದರಲ್ಲಿ ಬರೆದಿರಬೇಕು, ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದಿರಬೇಕು. ಕನ್ನಡದಲ್ಲಿ ಕೊಡಿ ಎಂದು ಕೇಳುವ ಹಕ್ಕು ನಮ್ಮ ಮಕ್ಕಳಿಗಿದೆ. ಆ ಹಾಳೆಯ ಮಾದರಿಯೊಂದನ್ನು ಗ್ರಾಹಕ ರಕ್ಷಣೆಯ ಪಾಠದ ದಿನ ತರಗತಿಗೆ ತನ್ನಿ. ಪಾಠ ತಾನಾಗಿ ಮುಂದೆ ಹೋಗುತ್ತದೆ.

ಪಾಸ್‌ಬುಕ್ಕಿನ ಕಥೆ ಇನ್ನೂ ಮನಸ್ಸಿಗೆ ತಾಗುವಂಥದ್ದು. ಅನೇಕ ಮನೆಗಳ ಪಾಸ್‌ಬುಕ್ಕಿನಲ್ಲಿ ವರ್ಷಕ್ಕೊಮ್ಮೆ, ಮೇ ತಿಂಗಳ ಕೊನೆಯ ಹೊತ್ತಿಗೆ, 20 ರೂಪಾಯಿ ಕಡಿತವಾಗಿರುತ್ತದೆ. ಕೆಲವರದ್ದರಲ್ಲಿ 436 ರೂಪಾಯಿಯ ಸಾಲೂ ಇರುತ್ತದೆ. ಇಪ್ಪತ್ತು ಎಂದರೆ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯ ಕಂತು, ಅಪಘಾತದಲ್ಲಿ ಸತ್ತರೆ ಕುಟುಂಬಕ್ಕೆ ಎರಡು ಲಕ್ಷ. ನಾನೂರ ಮೂವತ್ತಾರು ಜೀವನ ಜ್ಯೋತಿ ಯೋಜನೆಯದು, ಅದಕ್ಕೂ ಎರಡು ಲಕ್ಷ. ಕಂತು ಹೋಗುತ್ತಿರುತ್ತದೆ, ಮನುಷ್ಯ ತೀರಿಕೊಳ್ಳುತ್ತಾನೆ, ಮನೆಯವರಿಗೆ ಆ ಸಾಲಿನ ಅರ್ಥ ಗೊತ್ತಿರುವುದಿಲ್ಲ. ಗಾರೆ ಕೆಲಸಕ್ಕೆ ಹೋಗಿ ಕಟ್ಟಡದಿಂದ ಬಿದ್ದು ಸತ್ತವನೊಬ್ಬನ ಹೆಂಡತಿ ಖಾತೆ ಮುಚ್ಚಿಸಲು ಬಂದಿದ್ದಳು. ಜೊತೆಯಲ್ಲಿ ಒಂಬತ್ತನೇ ತರಗತಿಯ ಮಗಳು. ಪಾಸ್‌ಬುಕ್ಕು ನೋಡಿ ನಾನು ಇಪ್ಪತ್ತು ರೂಪಾಯಿಯ ಸಾಲನ್ನು ತೋರಿಸಿದಾಗ ಆ ಹುಡುಗಿ, "ಇದನ್ನು ನಾನು ಓದಿದ್ದೆ, ಬ್ಯಾಂಕಿನವರು ಏನೋ ಹಿಡಿದುಕೊಂಡಿದ್ದಾರೆ ಅಂದುಕೊಂಡೆ" ಎಂದಳು. ಅಕ್ಷರ ಓದಲು ನೀವು ಕಲಿಸಿದ್ದಿರಿ, ಅವಳು ಓದಿಯೂ ಇದ್ದಳು. ಆ ಸಾಲು ಏನು ಹೇಳುತ್ತದೆಂದು ಮಾತ್ರ ಅವಳಿಗೆ ಯಾರೂ ಹೇಳಿರಲಿಲ್ಲ. ವಿಮೆಯ ಅರ್ಜಿ ಹಾಕಿಸಿದೆವು, ಹಣವೂ ಬಂತು. ಅಂದು ಕೌಂಟರಿನಲ್ಲಿ ಆ ಪುಟ ಯಾರ ಕಣ್ಣಿಗೂ ಬೀಳದಿದ್ದರೆ ಖಾತೆ ಮುಚ್ಚಿ, ಇದ್ದ ನಾಲ್ಕು ಕಾಸು ತೆಗೆದುಕೊಂಡು ಹೋಗಿಬಿಡುತ್ತಿದ್ದರು.

ಹಳ್ಳಿಯ ಶಾಲೆಯಲ್ಲಿ ಪಹಣಿ, ಅಂದರೆ ಜಮೀನಿನ ಹಕ್ಕಿನ ದಾಖಲೆ, ಓದುವುದನ್ನು ಕಲಿಸದಿರುವುದು ನನಗೆ ಅರ್ಥವೇ ಆಗುವುದಿಲ್ಲ. ಮಕ್ಕಳಿಗೆ ಹೆಕ್ಟೇರು ಗೊತ್ತು. ನಲವತ್ತು ಗುಂಟೆಗೆ ಒಂದು ಎಕರೆ ಎಂದರೆ ತಡವರಿಸುತ್ತಾರೆ, ಮನೆಯ ಜಮೀನಿನ ಜಗಳವೆಲ್ಲ ಗುಂಟೆಯಲ್ಲೇ ನಡೆಯುತ್ತದೆ. ಪಹಣಿಯ ಒಂಬತ್ತನೇ ಕಾಲಂನಲ್ಲಿ ಯಾರ ಹೆಸರಿದೆ, ಹನ್ನೊಂದನೇ ಕಾಲಂನಲ್ಲಿ ಯಾವ ಋಣ ನಮೂದಾಗಿದೆ ಎಂದು ನೋಡುವುದಕ್ಕೆ ವಕೀಲರು ಬೇಕಾಗಿಲ್ಲ. ಬೆಳೆಸಾಲ ತೀರಿಸಿ ವರ್ಷಗಳಾದರೂ ಹನ್ನೊಂದನೇ ಕಾಲಂನಲ್ಲಿ ಬ್ಯಾಂಕಿನ ಹೆಸರು ಹಾಗೇ ಉಳಿದ ರೈತರು ಎಷ್ಟೋ ಮಂದಿ. ಋಣ ತೀರಿದ ಪತ್ರ ಪಡೆದು ಆ ನಮೂದನ್ನು ತೆಗೆಸಬೇಕೆಂದು ಯಾರೂ ಹೇಳಿರುವುದಿಲ್ಲ. ಮಗಳ ಮದುವೆಗೋ ಓದಿಗೋ ಮತ್ತೊಂದು ಸಾಲ ಕೇಳಲು ಹೋದಾಗ ತೊಡಕು ಕಾಣಿಸುತ್ತದೆ. ತಾತ ತೀರಿಕೊಂಡು ಇಪ್ಪತ್ತು ವರ್ಷವಾದರೂ ಪೌತಿ ಖಾತೆ, ಅಂದರೆ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ, ಆಗದೆ ಅವರ ಹೆಸರೇ ಉಳಿದಿರುವ ಪಹಣಿಗಳಂತೂ ಪ್ರತಿ ಊರಿನಲ್ಲೂ ಇವೆ. ಪೌತಿ ಖಾತೆ ಎಂದರೇನು ಎಂದು ಹೈಸ್ಕೂಲಿನ ಮಗುವಿಗೆ ಗೊತ್ತಿದ್ದರೆ ಮನೆಯಲ್ಲಿ ಮೊದಲು ಕೇಳುವವಳು ಅವಳೇ ಆಗುತ್ತಾಳೆ.

ಪತ್ರಲೇಖನಕ್ಕೆ ಬರೋಣ. "ನಿಮ್ಮನ್ನು ಇಂತಹ ಊರಿನವರೆಂದು ಭಾವಿಸಿಕೊಂಡು ಬೀದಿ ದೀಪ ಹಾಕಿಸುವಂತೆ ಮನವಿ ಬರೆಯಿರಿ" ಎಂಬ ಪ್ರಶ್ನೆ ಇರುತ್ತದೆ. ಭಾವಿಸಿಕೊಳ್ಳುವುದು ಏಕೆ? ಶಾಲೆಯ ಮುಂದಿನ ದೀಪ ನಿಜವಾಗಿಯೇ ಕೆಟ್ಟಿರುತ್ತದೆ. ಮಕ್ಕಳು ಅದರ ಬಗ್ಗೆಯೇ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ) ಬರೆಯಲಿ. ಪಂಚಾಯಿತಿಗೆ ಹೋಗಿ ಕೊಟ್ಟು, ನಕಲಿನ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಲಿ. ಆ ಮೊಹರು ಬಿದ್ದ ನಕಲು ಇಲ್ಲದಿದ್ದರೆ ಅರ್ಜಿ ಕೊಟ್ಟೇ ಇಲ್ಲ ಎಂದಾಗುತ್ತದೆ ಎಂಬುದು ಕಚೇರಿ ಅಲೆದವರಿಗೆಲ್ಲ ಗೊತ್ತಿರುವ ಸತ್ಯ. ನಮ್ಮಲ್ಲಿ ಮಕ್ಕಳ ಗ್ರಾಮಸಭೆ ಇದೆ, ಅಲ್ಲಿ ಆ ದೀಪದ ವಿಷಯವನ್ನು ಮತ್ತೆ ಕೇಳಬಹುದು. ವಿದ್ಯಾರ್ಥಿವೇತನಕ್ಕೆ ಬೇಕಾದ ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕೆ ತಂದೆ ಒಂದು ದಿನದ ಕೂಲಿ ಕಳೆದುಕೊಂಡು, ಮಧ್ಯವರ್ತಿಗೂ ಕೊಟ್ಟು ಬರುತ್ತಾರೆ. ಸಕಾಲ ಕಾಯ್ದೆ 2012ರಿಂದ ಜಾರಿಯಲ್ಲಿದೆ. ಅರ್ಜಿಗೆ ಸ್ವೀಕೃತಿ ಸಂಖ್ಯೆ ಕೊಡಬೇಕು, ಗಡುವಿನೊಳಗೆ ಸೇವೆ ಕೊಡದಿದ್ದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಕೇಳಬಹುದು. ಮಾಹಿತಿ ಹಕ್ಕಿನ ಅರ್ಜಿಗೆ ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಇವು ಪುಸ್ತಕದಲ್ಲೂ ಇವೆ, ಗೋಡೆಯ ಮೇಲೂ ಇವೆ. ಆದರೂ ಒಂದು ಅರ್ಜಿಯನ್ನು ತಾನೇ ಬರೆದು ಕೊಟ್ಟ ಮಗುವಿಗೆ ಬರುವ ಧೈರ್ಯವನ್ನು ಗೋಡೆಬರಹ ಕೊಡುವುದಿಲ್ಲ.

ಮೊಬೈಲಿನ ವಿಷಯದಲ್ಲಿ ಎರಡೇ ಮಾತು, ಆದರೆ ಎರಡನ್ನೂ ಗಟ್ಟಿಯಾಗಿ ಹೇಳುತ್ತೇನೆ. ಯುಪಿಐನಲ್ಲಿ ಹಣ ಪಡೆಯಲು ಪಿನ್ ಒತ್ತಬೇಕಾಗಿಲ್ಲ. ಹಣ ಕೊಡುತ್ತೇವೆ ಎಂದು ಹೇಳಿ ಪಿನ್ ಒತ್ತಿಸಿದರೆ ನಿಮ್ಮ ಖಾತೆಯಿಂದ ಹಣ ಹೋಗುತ್ತಿದೆ ಎಂದೇ ಅರ್ಥ. ಎರಡನೆಯದು, ಕಾಲೇಜಿನ ಮೆಟ್ಟಿಲು ಹತ್ತುತ್ತಿದ್ದಂತೆ ಮಕ್ಕಳಿಗೆ ಬರುವ ಆಮಿಷ: "ನಿನ್ನ ಖಾತೆ, ಎಟಿಎಂ ಕಾರ್ಡು, ಸಿಮ್ ಕೊಡು, ತಿಂಗಳಿಗೆ ಇಷ್ಟು ಕಮಿಷನ್ ಕೊಡುತ್ತೇವೆ." ವಂಚಕರು ಕದ್ದ ಹಣವನ್ನು ಇಂತಹ ಬಾಡಿಗೆ ಖಾತೆಗಳ ಮೂಲಕ ದಾಟಿಸುತ್ತಾರೆ. ಪೊಲೀಸರು ಮೊದಲು ಬಂದು ನಿಲ್ಲುವುದು ಖಾತೆಯ ಹೆಸರಿನವನ ಮನೆ ಬಾಗಿಲಿಗೆ. ಏನೂ ತಿಳಿಯದ ಹಳ್ಳಿಯ ಹುಡುಗರು ಎರಡು ಮೂರು ಸಾವಿರದ ಆಸೆಗೆ ಪ್ರಕರಣದಲ್ಲಿ ಸಿಕ್ಕಿಬೀಳುತ್ತಾರೆ. ಮೋಸವಾದ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಬೇಗ ತಿಳಿಸಿದಷ್ಟೂ ಹಣವನ್ನು ಮಧ್ಯದಲ್ಲೇ ತಡೆಯುವ ಸಾಧ್ಯತೆ ಹೆಚ್ಚು. ಅಪ್ಪ ಬೈಯುತ್ತಾರೆಂದು ಎರಡು ದಿನ ಮುಚ್ಚಿಟ್ಟರೆ ಅದು ಕೈತಪ್ಪುತ್ತದೆ. ತಂದೆತಾಯಂದಿರಲ್ಲಿ ಕೈಮುಗಿದು ಕೇಳುತ್ತೇನೆ: ಮಗು ಬಂದು ಹೇಳಿದಾಗ ಮೊದಲು ಕರೆ ಮಾಡಿ, ಬೈಗುಳ ಆಮೇಲೆ ಇರಲಿ.

ಹಣಕ್ಕಿಂತ ಮುಂಚೆ ಪ್ರಾಣ. ನಾನು ವೈದ್ಯೆಯಲ್ಲ, ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದವರು ಇದನ್ನು ನನಗಿಂತ ಚೆನ್ನಾಗಿ ತೋರಿಸುತ್ತಾರೆ. ಆದರೂ ಹಾವಿನ ವಿಷಯ ಬಿಡಲಾಗುವುದಿಲ್ಲ, 2024ರಲ್ಲಿ ನಮ್ಮ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿದೆ. ಹಗ್ಗ ಬಿಗಿದು ಕಟ್ಟಬಾರದು, ಬ್ಲೇಡಿನಿಂದ ಕೊಯ್ಯಬಾರದು, ಬಾಯಿಂದ ಹೀರಬಾರದು. ಉಂಗುರ, ಬಳೆ, ಕಾಲುಂಗುರ ತೆಗೆದು, ಕಚ್ಚಿದ ಭಾಗ ಅಲುಗಾಡದಂತೆ ನೋಡಿಕೊಂಡು, ಪ್ರತಿವಿಷ ಇರುವ ಆಸ್ಪತ್ರೆಗೆ ಹೋಗಬೇಕು. ಹಾವನ್ನು ಹೊಡೆದು ತರುವುದಕ್ಕೆ ಹೊತ್ತು ಕಳೆಯಬೇಕಾಗಿಲ್ಲ. ನಮ್ಮಲ್ಲಿ ಕೊಡುವ ಪ್ರತಿವಿಷ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ನಾಲ್ಕಕ್ಕೂ ಆಗುವಂಥದ್ದು. ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ, ಅನೇಕ ಸಲ ನೋವೂ ಇರುವುದಿಲ್ಲ, ಊತವೂ ಇರುವುದಿಲ್ಲ. ಬೆಳಗಿನ ಜಾವ ಹೊಟ್ಟೆನೋವು, ಕಣ್ಣಿನ ರೆಪ್ಪೆ ಜೋಲುವುದು ಕಂಡರೆ ಅನುಮಾನ ಪಡಬೇಕು ಎಂಬುದು ಮನೆಯಲ್ಲಿ ಒಬ್ಬರಿಗಾದರೂ ಗೊತ್ತಿರಲಿ. ಹಾಗೆಯೇ ಕೆರೆ, ಕೃಷಿ ಹೊಂಡ. ರಜೆಯ ದಿನಗಳಲ್ಲಿ ಒಬ್ಬ ಮುಳುಗಿದಾಗ ಅವನನ್ನು ಹಿಡಿಯಲು ಹೋದವರೂ ಮುಳುಗುವುದನ್ನು ಪ್ರತಿ ಬೇಸಿಗೆಯಲ್ಲೂ ಪತ್ರಿಕೆಯಲ್ಲಿ ಓದುತ್ತೇವೆ. ಈಜು ಬಾರದವನು ನೀರಿಗೆ ಇಳಿಯಬಾರದು. ದಡದಲ್ಲೇ ನಿಂತು ಹಗ್ಗ, ಸೀರೆ, ಉದ್ದ ಕೋಲು, ಮುಚ್ಚಳ ಬಿಗಿದ ಖಾಲಿ ಕ್ಯಾನು ಎಸೆಯಬೇಕು. ಇದನ್ನು ಶಾಲೆಯ ಮೈದಾನದಲ್ಲೇ ಹಗ್ಗ ಎಸೆದು ಅಭ್ಯಾಸ ಮಾಡಿಸಬಹುದು.

ಅಡುಗೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗಂಡುಮಕ್ಕಳಿಗೂ ಅನ್ನ ಸಾರು ಮಾಡಲು ಬರಬೇಕು, ತಮ್ಮ ಬಟ್ಟೆ ಒಗೆದುಕೊಳ್ಳಲು ಬರಬೇಕು. ಬೆಂಗಳೂರಿಗೆ ಕೆಲಸಕ್ಕೆ ಹೋದ ಹುಡುಗನ ಮೊದಲ ಸಂಬಳದಲ್ಲಿ ದೊಡ್ಡ ಪಾಲು ಹೋಟೆಲಿಗೆ ಹೋಗುವುದನ್ನು ನಾನು ಖಾತೆಯ ಪುಟಗಳಲ್ಲೇ ನೋಡಿದ್ದೇನೆ.

"ಇದನ್ನೆಲ್ಲ ಮನೆಯಲ್ಲಿ ಕಲಿಯಲಿ, ಶಾಲೆಗೇಕೆ" ಎಂದು ಕೇಳುವವರಿದ್ದಾರೆ. ಗೊತ್ತಿರುವವರ ಮನೆಯಲ್ಲಿ ಕಲಿಯುತ್ತಾರೆ. ಅಪ್ಪ ಗುಮಾಸ್ತರಾಗಿದ್ದರೆ ಮಗನಿಗೆ ಅರ್ಜಿ ಬರೆಯುವುದು ಬರುತ್ತದೆ, ಅಮ್ಮ ನರ್ಸ್ ಆಗಿದ್ದರೆ ಮಗಳಿಗೆ ಪಟ್ಟಿ ಕಟ್ಟುವುದು ಬರುತ್ತದೆ. ಮನೆಯಲ್ಲಿ ಮೊದಲ ಬಾರಿಗೆ ಶಾಲೆಯ ಮುಖ ಕಂಡ ಮಗುವಿಗೆ ಹೇಳಿಕೊಡುವವರು ಯಾರು? ಸಾಲದ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದ ಮನೆಯಿಂದಲೇ ಆ ಮಗು ಬಂದಿರುತ್ತದೆ. ಮನೆಗೆ ಬಿಟ್ಟುಬಿಡೋಣ ಎಂದರೆ ಇದ್ದವರ ಮಕ್ಕಳಿಗೆ ಮಾತ್ರ ಬದುಕಿನ ದಾರಿ ಬಿಟ್ಟುಕೊಟ್ಟಂತೆ. ಸರ್ಕಾರಿ ಶಾಲೆ ಇರುವುದೇ ಆ ಅಂತರವನ್ನು ತುಂಬುವುದಕ್ಕೆ.

ನಿಮ್ಮ ಮೇಲಿನ ಹೊರೆಯೂ ನನಗೆ ಗೊತ್ತು. ಮೊಟ್ಟೆ, ಹಾಲು, ಚುನಾವಣೆ, 2025ರ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ, ದಿನವೂ ಏರಿಸಬೇಕಾದ ಮಾಹಿತಿ. ಆದ್ದರಿಂದ ಹೊಸ ವಿಷಯ ಬೇಡ, ಹೊಸ ಪುಸ್ತಕ ಬೇಡ, ಅಂಕ ಅಂತೂ ಖಂಡಿತ ಬೇಡ. ಅಂಕ ಬಂದ ದಿನವೇ ಇದಕ್ಕೂ ಗೈಡು ಬರುತ್ತದೆ. ಇರುವ ಪಾಠ ಬರುವ ವಾರದಲ್ಲಿ ಆ ಪಾಠದ ಕಾಗದ ತರಗತಿಗೆ ಬರಲಿ, ಆ ಕೆಲಸ ಬಲ್ಲವರು ತರಗತಿಗೆ ಬರಲಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಆರರಿಂದ ಎಂಟನೇ ತರಗತಿಯ ಮಕ್ಕಳಿಗೆ ಹತ್ತು ಬ್ಯಾಗ್‌ರಹಿತ ದಿನಗಳ ಮಾತಾಡಿದೆ. ಆ ನೀತಿಯ ಬಗ್ಗೆ ಯಾರ ಅಭಿಪ್ರಾಯ ಏನೇ ಇರಲಿ, ಬ್ಯಾಗಿಲ್ಲದ ದಿನ ಒಳ್ಳೆಯದೇ.

ಕರೆಯಬೇಕಾದವರು ದೂರವೂ ಇಲ್ಲ. ಲೈನ್‌ಮನ್ ಬಂದು ಒದ್ದೆ ಕೈಯಲ್ಲಿ ಸ್ವಿಚ್ಚು ಏಕೆ ಮುಟ್ಟಬಾರದು, ತಂತಿ ಬಿದ್ದರೆ ಏನು ಮಾಡಬೇಕು ಎಂದು ಹೇಳಲಿ. ತಾಲ್ಲೂಕು ಕಾನೂನು ಸೇವಾ ಸಮಿತಿಯಿಂದ ವಕೀಲರು ಬರುತ್ತಾರೆ. ನಾನು ಎಲ್ಲರಿಗಿಂತ ಮೊದಲು ಕರೆಯಿರಿ ಎನ್ನುವುದು ಸ್ವಸಹಾಯ ಸಂಘದ ಪುಸ್ತಕ ಬರೆಯುವ ಹೆಣ್ಣುಮಗಳನ್ನು.  ವಾರದ ಉಳಿತಾಯ, ಒಳಸಾಲ, ಬಡ್ಡಿ, ತಪ್ಪಿದ ಕಂತು ಇವೆಲ್ಲವನ್ನೂ ಇಪ್ಪತ್ತು ಮಂದಿಯ ಮುಂದೆ ಓದಿ, ಒಪ್ಪಿಗೆ ಪಡೆದು ಬರೆಯುವವರು ಅವರು. ಅವರಲ್ಲಿ ಕೆಲವರು ಏಳನೇ ತರಗತಿ ಓದಿದವರು. ಅವರು ಬಂದು ಒಂದು ಸಂಘದ ಸಭೆಯನ್ನು ತರಗತಿಯಲ್ಲೇ ನಡೆಸಿ ತೋರಿಸಿದರೆ ಮಕ್ಕಳು ಲೆಕ್ಕವನ್ನೂ ಕಲಿಯುತ್ತಾರೆ. ತಮ್ಮ ತಾಯಂದಿರು ಎಂತಹ ಕೆಲಸ ಮಾಡುತ್ತಿದ್ದಾರೆ ಎಂಬುದನ್ನೂ ನೋಡುತ್ತಾರೆ.

ಉಪನ್ಯಾಸದ ನಂತರ ಶಿಕ್ಷಕಿಯೊಬ್ಬರು ಎದ್ದು ಕೇಳಿದ ಪ್ರಶ್ನೆ ಮುಖ್ಯವಾದದ್ದು. ಪಾಸ್‌ಬುಕ್ಕು, ಪಹಣಿ, ಸಾಲದ ಪತ್ರ ತನ್ನಿ ಎಂದು ಮಕ್ಕಳಿಗೆ ಹೇಳಿದರೆ, ಏನೂ ಇಲ್ಲದ ಮನೆಯ ಮಗು, ಸಾಲದಲ್ಲಿ ಮುಳುಗಿದ ಮನೆಯ ಮಗು ಎಲ್ಲರ ಮುಂದೆ ತಲೆ ತಗ್ಗಿಸಬೇಕಾಗುವುದಿಲ್ಲವೇ ಎಂದು ಅವರು ಕೇಳಿದರು. ಖಂಡಿತ ಆಗುತ್ತದೆ. ಮಕ್ಕಳ ಮನೆಯ ಕಾಗದವನ್ನು ಎಂದೂ ತರಿಸಬಾರದು. ಜಮೀನಿಲ್ಲದ ಮಗು ಯಾವ ಪಹಣಿ ತಂದೀತು? ಹತ್ತಿರದ ಶಾಖೆಯವರನ್ನು ಕೇಳಿದರೆ ಖಾಲಿ ಚಲನ್, ಹಣ ತೆಗೆಯುವ ಚೀಟಿ, ಸಾಲದ ಅರ್ಜಿಯ ನಮೂನೆಗಳನ್ನು ಕೊಡುತ್ತಾರೆ. ಪ್ರತಿ ಜಿಲ್ಲೆಗೂ ಒಂದು ಲೀಡ್ ಬ್ಯಾಂಕ್ ಇದೆ, ಆರ್ಥಿಕ ಸಾಕ್ಷರತೆಗೆಂದೇ ಅಲ್ಲಿ ಜನರಿದ್ದಾರೆ, ಒಂದು ಪತ್ರ ಬರೆದರೆ ಬರುತ್ತಾರೆ. ಪಹಣಿಗೆ ಶಾಲೆಯ ಜಾಗದ್ದನ್ನೇ ತೆಗೆಸಿ. ಪಾಸ್‌ಬುಕ್ಕಿನ ಪುಟವನ್ನು ನೀವೇ ಬರೆದು ತಯಾರಿಸಿ, ಹೆಸರು ಹಾಕಬೇಡಿ. ಅದರಲ್ಲಿ ಮೇ ತಿಂಗಳ ಇಪ್ಪತ್ತು ರೂಪಾಯಿಯ ಸಾಲನ್ನು ಮಾತ್ರ ಮರೆಯದೆ ಸೇರಿಸಿ.